ಸಿಲಿಂಡರಿಗೆ ಹಾಕಿದ ಪೈಪ್, ಲೈನ್ ಗ್ಯಾಸಿಗೆ ಸಾಲಲಿಲ್ಲ

ದೂರು ಇಷ್ಟೇ. ಬಚ್ಚಲಿನ ಗ್ಯಾಸ್ ಗೀಸರ್ ಹೊತ್ತಿಕೊಂಡ ಕೂಡಲೇ ಅಡುಗೆಮನೆಯಲ್ಲಿ ಒಲೆಯ ಉರಿ ಕುಗ್ಗುತ್ತದೆ. ಗೀಸರಿನ ನೀರೂ ಸರಿಯಾಗಿ ಬಿಸಿಯಾಗುವುದಿಲ್ಲ. ಒಲೆ ಒಂದೇ ಉರಿಯುವಾಗ ಏನೂ ತೊಂದರೆ ಇಲ್ಲ.

ಮನೆ ಕಾಸರಗೋಡು ವಿದ್ಯಾನಗರದ ಹತ್ತಿರ, ನನ್ನ ಅಕ್ಕನದ್ದು. ಸಿಲಿಂಡರ್ ಬಿಟ್ಟು ಲೈನ್ ಗ್ಯಾಸ್, ಅಂದರೆ ಬೀದಿಯ ಪೈಪಿನಿಂದ ಮೀಟರ್ ಮೂಲಕ ಮನೆಗೆ ಬರುವ ನೈಸರ್ಗಿಕ ಗ್ಯಾಸ್, ಹಾಕಿಸಿಕೊಂಡಿದ್ದಾರೆ. ಫೋನಿನಲ್ಲಿ ಅವಳು ಹೇಳಿದ್ದು ಹೀಗೆ: "ಎಂತ ಮಾರಾಯ ಇದು, ನಿನ್ನ ಭಾವ ಮೀಯಲಿಕ್ಕೆ ಹೋದ್ರೆ ನನ್ನ ದೋಸೆ ಬೇಯುವುದಿಲ್ಲ." ನಾನು ಪೈಪ್ ಫಿಟ್ಟಿಂಗ್ ಕೆಲಸದವನು, ಗ್ಯಾಸ್ ಲೈನಿನ ಕೆಲಸವೂ ಮಾಡುತ್ತೇನೆ. ಅಲ್ಲಿ ಹೋಗುವ ಮೊದಲೇ ಬೀದಿಯವರೆಲ್ಲ ತೀರ್ಪು ಕೊಟ್ಟಾಗಿತ್ತು. ಅರ್ಧ ಜನ "ಕಂಪನಿಯ ಪ್ರೆಶರ್ ಕಮ್ಮಿ" ಅಂದರು, ಉಳಿದರ್ಧ "ಮೀಟರ್ ಸಣ್ಣದು" ಅಂದರು. ಪೈಪಿನ ಹೆಸರು ಯಾರೂ ಎತ್ತಲಿಲ್ಲ. ಗೋಡೆಯೊಳಗೆ ಇದ್ದದ್ದು ಕಣ್ಣಿಗೆ ಬೀಳುವುದಿಲ್ಲ, ಅಲ್ವಾ.

ಮೊದಲು ಮೀಟರಿನ ವಿಷಯ ಮುಗಿಸಿಬಿಡುತ್ತೇನೆ. ಕೊಚ್ಚಿ–ಮಂಗಳೂರು ಗ್ಯಾಸ್ ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಸುಮಾರು 450 ಕಿ.ಮೀ. ಉದ್ದ. ನಮ್ಮ ಚಂದ್ರಗಿರಿ ಹೊಳೆ ದಾಟಿಸುವ ಕೆಲಸವೇ ಕೊನೆ ತನಕ ಉಳಿದದ್ದು, ಇಲ್ಲಿಯವರಿಗೆ ನೆನಪಿರಬಹುದು. ಆ ದೊಡ್ಡ ಲೈನಿನಿಂದ ಊರಿಗೆ, ಊರಿನಿಂದ ಬೀದಿಗೆ ಬರುವಾಗ ಒತ್ತಡ ಹಂತ ಹಂತವಾಗಿ ಇಳಿಯುತ್ತದೆ. ಬೀದಿಯ ಎಂಡಿಪಿಇ (ಪ್ಲಾಸ್ಟಿಕ್) ಪೈಪಿನಲ್ಲಿ 4 ಬಾರ್ ತನಕ ಇರುತ್ತದೆ, ಅದು ರೆಗ್ಯುಲೇಟರ್‌ಗಳಲ್ಲಿ ಇಳಿದು ಮನೆಯ ಒಲೆಗೆ ಬರುವಾಗ 21 ಮಿಲಿಬಾರ್. ಬಾರ್ ಅಂದರೆ ಒತ್ತಡದ ಅಳತೆ, ಅದರ ಸಾವಿರದ ಒಂದು ಪಾಲು ಮಿಲಿಬಾರ್. ಮನೆಗೆ ಹಾಕುವ ಸಣ್ಣ ಡಯಾಫ್ರಾಮ್ ಮೀಟರಿನ ಮೇಲೆ ಜಿ 1.6 ಅಂತ ಬರೆದಿರುತ್ತದೆ. ಅದರಲ್ಲಿ ಗಂಟೆಗೆ 2.5 ಘನ ಮೀಟರ್ ತನಕ ಗ್ಯಾಸ್ ಹೋಗಬಹುದು. ಮೀಟರ್ ಸಾಲುತ್ತದೋ ಇಲ್ಲವೋ ಅಂತ ನೋಡಬೇಕಾದರೆ ಮನೆಗೆ ಎಷ್ಟು ಬೇಕು ಅಂತ ಗೊತ್ತಾಗಬೇಕು.

ಅದು ಕಷ್ಟದ ಲೆಕ್ಕ ಅಲ್ಲ. ಒಂದು ಘನ ಮೀಟರ್ ಪೈಪಿನ ಗ್ಯಾಸಿನಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಶಾಖ ಇದೆ ಅಂತ ಇಟ್ಟುಕೊಳ್ಳಿ, ಅಂದರೆ 10 ಕಿಲೋವ್ಯಾಟ್ ಗಂಟೆ. ಮೂರು ಬರ್ನರಿನ ಒಲೆ ಪೂರ್ತಿ ಉರಿದರೆ ಐದೂವರೆ ಕಿಲೋವ್ಯಾಟ್, ಗಂಟೆಗೆ 0.55 ಘನ ಮೀಟರ್. ಗೀಸರ್ ನಿಮಿಷಕ್ಕೆ 6 ಲೀಟರಿನದ್ದು, ನೇಮ್ ಪ್ಲೇಟಿನಲ್ಲಿ 12 ಕಿಲೋವ್ಯಾಟ್ ಅಂತಿದೆ. ಪ್ಲೇಟ್ ನಂಬಬಹುದಾ ಅಂತ ಕೂಡಿಸಿ ನೋಡಿದೆ. 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲಿಕ್ಕೆ ನಿಮಿಷಕ್ಕೆ 150 ಕಿಲೋಕ್ಯಾಲರಿ, ಗಂಟೆಗೆ 9000. ಅದು ಹತ್ತೂವರೆ ಕಿಲೋವ್ಯಾಟ್ ಆಗುತ್ತದೆ, ಹೊಗೆಯಲ್ಲಿ ಹೋಗುವ ಶಾಖ ಸೇರಿಸಿದರೆ 12 ಸರಿ. ಅಂದರೆ ಗೀಸರಿಗೆ 1.2 ಘನ ಮೀಟರ್. ಎರಡೂ ಸೇರಿ ಸುಮಾರು 1.8. ಮೀಟರಿನ 2.5ರ ಒಳಗೇ ಇದೆ. ಮೀಟರ್ ಬದಲಿಸುವ ಮಾತೇ ಇಲ್ಲ.

ಇನ್ನು ಅಳತೆ. ಇದಕ್ಕೆ ದುಬಾರಿ ಸಾಮಾನು ಬೇಡ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಟ್ಯೂಬ್ ಇದೆಯಲ್ಲ, ಅದನ್ನೇ ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ನಡುವೆ ಸ್ಟೀಲ್ ಸ್ಕೇಲ್ ಅಂಟಿಸಿ, ಅರ್ಧ ನೀರು ತುಂಬಿಸಿದ್ದೇನೆ. ಕಾಣಲಿಕ್ಕೆ ಎರಡು ಹನಿ ಶಾಯಿ. ಒಂದು ತುದಿ ಗ್ಯಾಸಿಗೆ, ಇನ್ನೊಂದು ತುದಿ ಗಾಳಿಗೆ. ಎರಡೂ ಕಡೆಯ ನೀರಿನ ವ್ಯತ್ಯಾಸವೇ ಒತ್ತಡ. 1 ಮಿಲಿಬಾರ್ ಅಂದರೆ 10.2 ಮಿ.ಮೀ. ನೀರು, ಹಾಗಾಗಿ 21 ಮಿಲಿಬಾರಿಗೆ 214 ಮಿ.ಮೀ. ಒಂದು ಕಡೆ ಎಷ್ಟು ಏರಿತು ಅಂತ ಮಾತ್ರ ನೋಡಿ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಉತ್ತರ ಅರ್ಧ ಬರುತ್ತದೆ. ಇಳಿದದ್ದನ್ನೂ ಸೇರಿಸಬೇಕು.

ಎಲ್ಲ ಉರಿಸಿ ಇಟ್ಟು ಅಳೆದೆ. ಏನೂ ಉರಿಯದೆ ಸುಮ್ನೆ ನಿಂತ ಗ್ಯಾಸಿನ ಒತ್ತಡ ನೋಡಿ ಪ್ರಯೋಜನ ಇಲ್ಲ, ಆಗ ಎಂಥ ತೆಳ್ಳಗಿನ ಪೈಪಿನ ತುದಿಯಲ್ಲೂ ಪೂರ್ತಿ ಒತ್ತಡ ತೋರಿಸುತ್ತದೆ. ಮೂರೂ ಬರ್ನರ್ ಮತ್ತು ಗೀಸರ್ ಉರಿಯುವಾಗ ಮೀಟರ್ ದಾಟಿದ ಕೂಡಲೇ ಇರುವ ಟೆಸ್ಟ್ ನಿಪ್ಪಲಿನಲ್ಲಿ (ಒತ್ತಡ ಅಳೆಯಲಿಕ್ಕೆ ಇಟ್ಟ ಸಣ್ಣ ಬಾಯಿ) 209 ಮಿ.ಮೀ. ಬಂತು. ಕಂಪನಿಯ ತಪ್ಪಿಲ್ಲ. ಒಲೆಯ ಹತ್ತಿರ 156. ಗೀಸರಿನ ಹತ್ತಿರ 136. ಮೀಟರಿನಿಂದ ಗೀಸರಿಗೆ ಹೋಗುವಷ್ಟರಲ್ಲಿ 73 ಮಿ.ಮೀ., ಅಂದರೆ 7 ಮಿಲಿಬಾರಿಗಿಂತ ಜಾಸ್ತಿ ಮಾಯ. ಹೋಲಿಕೆಗೆ ಹೇಳುವುದಾದರೆ, ಬ್ರಿಟನ್ನಿನ ಬಿಎಸ್ 6891 ನಿಯಮದಲ್ಲಿ ಮೀಟರಿನಿಂದ ಉಪಕರಣದ ತನಕ 1 ಮಿಲಿಬಾರ್ ಮಾತ್ರ ಕಳೆದುಕೊಳ್ಳಬಹುದು. ಅಲ್ಲಿಯ ಮನೆಗಳಲ್ಲೂ ಮೀಟರಿನ ಹತ್ತಿರ 21 ಮಿಲಿಬಾರೇ ಇರುವುದರಿಂದ ನಾನು ಆ 1 ಮಿಲಿಬಾರನ್ನೇ ಗುರಿ ಅಂತ ಇಟ್ಟುಕೊಳ್ಳುತ್ತೇನೆ.

ಮೀಟರಿನ ಅಂಕೆಯಲ್ಲೂ ಒಮ್ಮೆ ನೋಡಿದೆ. 6 ನಿಮಿಷ ಅಂದರೆ ಗಂಟೆಯ ಹತ್ತನೇ ಒಂದು ಪಾಲು, ಹತ್ತರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಎಲ್ಲ ಉರಿಯುವಾಗ 6 ನಿಮಿಷಕ್ಕೆ 0.147 ಘನ ಮೀಟರ್ ಹೋಯಿತು, ಗಂಟೆಗೆ 1.47. ಬೇಕಾದದ್ದು 1.8. ಉಳಿದದ್ದು ಅಕ್ಕನ ದೋಸೆಗೂ ಭಾವನ ನೀರಿಗೂ ಸಿಗಲಿಲ್ಲ.

ಹಾಗಾದರೆ ಪೈಪ್ ಯಾವುದು? ಮನೆ ಕಟ್ಟುವಾಗ ಸಿಲಿಂಡರ್ ಹಿತ್ತಿಲಲ್ಲಿ ಇಟ್ಟು ಅಡುಗೆಮನೆಗೆ ಗೋಡೆಯೊಳಗೆ ತಾಮ್ರದ ಪೈಪ್ ಎಳೆಸಿದ್ದರು. ಹೊರಗೆ 12 ಮಿ.ಮೀ., ಒಳಗೆ 10. ಆಮೇಲೆ ಅದಕ್ಕೇ ಟೀ (ಮೂರು ಬಾಯಿಯ ಜೋಡಣೆ) ಕೊಟ್ಟು ಬಚ್ಚಲಿನ ಕಡೆಗೂ ಒಂದು ಕವಲು. ಪೈಪಿನ ಗ್ಯಾಸ್ ಬಂದಾಗ ಯಾರೋ ಅದನ್ನೇ ಮೀಟರಿಗೆ ಜೋಡಿಸಿಕೊಟ್ಟಿದ್ದಾರೆ. ಹೊಸ ಪೈಪಿನ ಖರ್ಚು ಉಳಿಯಿತು ಅಂತ ಭಾವನಿಗೆ ಆಗ ಖುಷಿ.

ಇಲ್ಲಿಯೇ ವಿಷಯ ಇರುವುದು. ಸಿಲಿಂಡರಿನ ಗ್ಯಾಸ್ ದಟ್ಟ. ಒಂದೇ ಅಳತೆಯ ಜಾಗದಲ್ಲಿ ಅದರಲ್ಲಿ ಪೈಪಿನ ಗ್ಯಾಸಿಗಿಂತ ಎರಡೂವರೆಯಿಂದ ಮೂರು ಪಟ್ಟು ಶಾಖ ಇರುತ್ತದೆ. ಅದರ ರೆಗ್ಯುಲೇಟರ್ ಕೊಡುವುದೂ 30 ಮಿಲಿಬಾರ್, 21 ಅಲ್ಲ. ಅಂದರೆ ಅಷ್ಟೇ ಉರಿ ಬೇಕಾದರೆ ಲೈನ್ ಗ್ಯಾಸ್ ಎರಡೂವರೆ ಪಟ್ಟು ಹೆಚ್ಚು ಹರಿಯಬೇಕು, ಅದೂ ಕಮ್ಮಿ ಒತ್ತಡದಲ್ಲಿ. ಲೈನ್ ಗ್ಯಾಸ್ ಹಗುರ, ಅದರಿಂದ ಸ್ವಲ್ಪ ಅನುಕೂಲ ಆಗುತ್ತದೆ, ಆದರೆ ಸಾಲುವುದಿಲ್ಲ. ಹರಿವು ಎರಡು ಪಟ್ಟಾದರೆ ಒತ್ತಡದ ಇಳಿತ ನಾಲ್ಕು ಪಟ್ಟು. ಒಲೆ ಬದಲಿಸುವಾಗ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು, ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಪೈಪನ್ನೂ ಲೆಕ್ಕ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ.

ಪೈಪಿನಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಅಂತ ಲೆಕ್ಕಕ್ಕೆ ನಾನು ಬಳಸುವುದು ಪೋಲ್ ಸೂತ್ರ. ಹಳೇದು, ಆದರೆ ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ. ಗಂಟೆಯ ಹರಿವನ್ನು ಅದರಿಂದಲೇ ಗುಣಿಸಿ, ಅದನ್ನು ಗ್ಯಾಸಿನ ಸಾಪೇಕ್ಷ ಸಾಂದ್ರತೆಯಿಂದ (ಗಾಳಿಗೆ ಹೋಲಿಸಿದರೆ ಎಷ್ಟು ಭಾರ ಅಂತ, ಲೈನ್ ಗ್ಯಾಸಿಗೆ ಸುಮಾರು 0.6) ಮತ್ತು ಪೈಪಿನ ಉದ್ದ ಎಷ್ಟು ಮೀಟರೋ ಅದರಿಂದ ಗುಣಿಸಿ. ಬಂದದ್ದನ್ನು 0.0071ರ ವರ್ಗದಿಂದ ಮತ್ತು ಒಳವ್ಯಾಸದ ಐದನೇ ಘಾತದಿಂದ ಭಾಗಿಸಿ. ವ್ಯಾಸ ಮಿ.ಮೀ.ನಲ್ಲಿ, ಉತ್ತರ ಮಿಲಿಬಾರಿನಲ್ಲಿ. ಆ ಐದನೇ ಘಾತ ನೋಡಿ, ಆಟ ಇರುವುದೇ ಅದರಲ್ಲಿ. 10 ಮಿ.ಮೀ. ಪೈಪನ್ನು 20 ಮಾಡಿದರೆ ಇಳಿತ 32ರಲ್ಲಿ ಒಂದು ಪಾಲಾಗುತ್ತದೆ.

ಉದ್ದ ಅಂದರೆ ಟೇಪ್ ಹಿಡಿದ ಉದ್ದ ಮಾತ್ರ ಅಲ್ಲ. ಒಂದೊಂದು ಎಲ್ಬೋಗೆ (ಪೈಪ್ ತಿರುಗಿಸುವ ಮೂಲೆಯ ತುಂಡು), ಒಂದೊಂದು ಟೀಗೆ ಅರ್ಧ ಮೀಟರ್ ಸೇರಿಸಬೇಕು. ಅಕ್ಕನ ಮನೆಯಲ್ಲಿ ಮೀಟರಿನಿಂದ ಟೀ ತನಕ ಹೀಗೆ 12 ಮೀಟರ್ ಬಂತು, ಟೀಯಿಂದ ಗೀಸರಿಗೆ 10. ಮೊದಲ ತುಂಡಿನಲ್ಲಿ 1.8 ಹರಿಯಬೇಕು, ಎರಡನೆಯದರಲ್ಲಿ 1.2. ಕೂಡಿಸಿದರೆ 4.6 ಮತ್ತು 1.7, ಒಟ್ಟು 6.3 ಮಿಲಿಬಾರ್. ಒಲೆ ಒಂದೇ ಇದ್ದರೆ ಇದೇ ಪೈಪಿನಲ್ಲಿ ಅರ್ಧ ಮಿಲಿಬಾರೂ ಹೋಗುವುದಿಲ್ಲ. ಗೀಸರ್ ಬರುವ ತನಕ ತಕರಾರು ಇಲ್ಲದ್ದು ಇದಕ್ಕೇ.

ಒಂದು ಎಚ್ಚರಿಕೆ. ಈ ಸೂತ್ರ ಸಣ್ಣ ಪೈಪುಗಳಿಗೆ ತುಂಬಾ ಉದಾರಿ. ಬ್ರಿಟನ್ನಿನ ಕೋಷ್ಟಕದಲ್ಲಿ 15 ಮಿ.ಮೀ. ತಾಮ್ರದ ಪೈಪ್ 9 ಮೀಟರ್ ಉದ್ದಕ್ಕೆ, 1 ಮಿಲಿಬಾರ್ ಇಳಿತದೊಳಗೆ, ಗಂಟೆಗೆ 1.5 ಘನ ಮೀಟರ್ ಒಯ್ಯುತ್ತದೆ ಅಂತಿದೆ. ಅದೇ ಪೈಪಿಗೆ ಪೋಲ್ ಹಾಕಿದರೆ 2.1 ಬರುತ್ತದೆ. ಹಾಗಾಗಿ ನಾನು ಬಂದ ಇಳಿತವನ್ನು ಎರಡರಿಂದ ಗುಣಿಸಿಯೇ ತೀರ್ಮಾನ ಮಾಡುವುದು. "ಹಾಗಾದ್ರೆ ಇಲ್ಲಿ 12 ಇಳಿಯಬೇಕಿತ್ತು, ನೀನು ಅಳೆದದ್ದು 7 ಅಲ್ವಾ" ಅಂತ ಭಾವ ಕೇಳಿದರು. ಬ್ಯಾಂಕಿನಲ್ಲಿದ್ದವರು, ಅಂಕೆ ಬಿಡುವುದಿಲ್ಲ. ಸರಿಯಾದ ಪ್ರಶ್ನೆಯೇ. ಒತ್ತಡ ಕಮ್ಮಿ ಆದಾಗ ಬರ್ನರುಗಳು ಎಳೆಯುವ ಗ್ಯಾಸೂ ಕಮ್ಮಿ ಆಗುತ್ತದೆ, ಆಗ ಇಳಿತವೂ ಕಮ್ಮಿ. 1.8ರ ಬದಲು 1.47 ಹರಿಯುತ್ತಿತ್ತಲ್ಲ, ಅಲ್ಲಿಗೆ ಸರಿಹೋಯಿತು.

ಹೊಸ ದಾರಿ ಗೋಡೆಯ ಹೊರಗಿನಿಂದಲೇ ತೆಗೆದುಕೊಂಡೆ. ಮೀಟರ್ ಮನೆಯ ಪಕ್ಕದ ಗೋಡೆಯಲ್ಲಿದೆ. ಅಲ್ಲಿಂದ ಸನ್‌ಶೇಡಿನ ಕೆಳಗೆ ಹಿಂದಕ್ಕೆ ಹೋಗಿ, ಅಡುಗೆಮನೆಯ ಗೋಡೆಯಲ್ಲಿ ಟೀ, ಅಲ್ಲಿಂದ ಮುಂದೆ ಗೀಸರ್. ಮಲಗುವ ಕೋಣೆಯೊಳಗೆ ಎಲ್ಲೂ ಪೈಪ್ ಇಲ್ಲ. ಪೈಪ್ ಕಂಡರೆ ಚಂದ ಇಲ್ಲ ಅಂತ ಅಕ್ಕನಿಗೆ ಬೇಸರ. ಕಾಣುವ ಪೈಪ್ ಸೋರಿದರೆ ಸಿಗುತ್ತದೆ, ಗೋಡೆಯೊಳಗಿನದ್ದು ಸೋರಿದರೆ ಯಾವ ಕೋಣೆಯಲ್ಲಿ ಹೊರಗೆ ಬರುತ್ತದೆ ಅಂತ ದೇವರಿಗೇ ಗೊತ್ತು. ಅಷ್ಟು ಹೇಳಿದ ಮೇಲೆ ಒಪ್ಪಿದಳು.

ಭಾವನ ಆಸೆ ಎಲ್ಲ ಅರ್ಧ ಇಂಚಿನಲ್ಲೇ ಮುಗಿಸುವ ಅಂತ. ಲೆಕ್ಕ ತೋರಿಸಿದೆ. ಸಿ ಕ್ಲಾಸ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಕೆಂಪು ಪಟ್ಟಿಯದ್ದು, ಪೈಪಿನ ಗೋಡೆ ದಪ್ಪ. ಅರ್ಧ ಇಂಚಿನದ್ದರ ಒಳವ್ಯಾಸ ಸುಮಾರು 15 ಮಿ.ಮೀ., ಮುಕ್ಕಾಲು ಇಂಚಿನದ್ದು ಸುಮಾರು 20.4. ಹೊಸ ದಾರಿಯಲ್ಲಿ ಟೀ ತನಕ ಎಲ್ಬೋ ಸೇರಿ 11 ಮೀಟರ್, ಅಲ್ಲಿಂದ ಗೀಸರಿಗೆ 8. ಪೂರ್ತಿ ಅರ್ಧ ಇಂಚು ಹಾಕಿದರೆ 0.56 ಮತ್ತು 0.18, ಒಟ್ಟು 0.74. ಎರಡರಿಂದ ಗುಣಿಸಿದರೆ ಒಂದೂವರೆ, ಆಗುವುದಿಲ್ಲ. ಟೀ ತನಕ ಮುಕ್ಕಾಲು ಇಂಚು ಹಾಕಿ ಆಮೇಲೆ ಅರ್ಧ ಇಂಚು ಮಾಡಿದರೆ 0.12 ಮತ್ತು 0.18, ಒಟ್ಟು 0.30. ಎರಡು ಪಟ್ಟು ಮಾಡಿದರೂ 0.6. ಇದು ಸಾಕು. ಗೀಸರಿನ ತನಕವೂ ಮುಕ್ಕಾಲು ಇಂಚು ಒಯ್ಯುವುದು ಸುಮ್ನೆ ಖರ್ಚು. ಎಲ್ಲರ ಗ್ಯಾಸ್ ಒಟ್ಟಿಗೆ ಹೋಗುವ ಮೊದಲ ತುಂಡು ದಪ್ಪ ಇರಬೇಕು, ಕವಲುಗಳು ಸಣ್ಣ ಇದ್ದರೆ ನಡೆಯುತ್ತದೆ.

ಗೋಡೆ ಕೆಂಪುಕಲ್ಲಿನದ್ದು. ಹ್ಯಾಮರ್ ಡ್ರಿಲ್ ಇಟ್ಟರೆ ಬೆಣ್ಣೆಯ ಹಾಗೆ ಹೋಗುತ್ತದೆ, ಅದೇ ತೊಂದರೆ. ಕಲ್ಲಿನೊಳಗೆ ಮೆತ್ತಗಿನ ಮಣ್ಣಿನ ಗೂಡುಗಳಿರುತ್ತವೆ, ಪ್ಲಗ್ ಅಲ್ಲಿಗೆ ಬಿದ್ದರೆ ಕ್ಲಾಂಪ್ ತಿಂಗಳಲ್ಲಿ ಸಡಿಲ. ಡ್ರಿಲ್ಲಿನಿಂದ ಪುಡಿ ಬರುವ ಬದಲು ಹಳದಿ ಜೇಡಿ ಬಂದರೆ ಆ ತೂತು ಬಿಟ್ಟು ನಾಲ್ಕು ಬೆರಳು ಆಚೆಗೆ ಹೋಗಬೇಕು. ಗೋಡೆ ದಾಟುವಲ್ಲಿ ದೊಡ್ಡ ಪೈಪಿನ ಸ್ಲೀವ್ ಇಟ್ಟು ಅದರೊಳಗೆ ಗ್ಯಾಸ್ ಪೈಪ್ ಹಾಯಿಸಿದೆ. ಸ್ಲೀವಿನೊಳಗೆ ಜಾಯಿಂಟ್ ಇಲ್ಲ. ಸ್ಲೀವಿನ ಒಳಗಿನ ತುದಿಗೆ ಮಾತ್ರ ಸಿಲಿಕಾನ್, ಹೊರಗಿನ ತುದಿ ತೆರೆದೇ ಇದೆ. ಅದರೊಳಗೆ ಏನಾದರೂ ಸೋರಿದರೆ ಹೊರಗೇ ಹೋಗಲಿ ಅಂತ.

ಪೈಪಿನ ತುದಿಗೆ ಥ್ರೆಡ್ ಡೈಯಲ್ಲಿ (ಥ್ರೆಡ್ ಕೊರೆಯುವ ಸಾಮಾನು) ಅಲ್ಲೇ ಹಾಕಿದೆವು. ನನ್ನ ಜೊತೆ ಕೆಲಸ ಮಾಡುವ ಹುಡುಗ ಎಣ್ಣೆ ಬಿಡುತ್ತಾ ಇದ್ದ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸದೆ ಒಂದೇ ಸಮ ಒತ್ತಿದರೆ ಚೂರುಗಳು ಸಿಕ್ಕಿಕೊಂಡು ಥ್ರೆಡ್ ಹರಿಯುತ್ತದೆ. ಆಮೇಲೆ ಪೈಪಿನ ಬಾಯಿಯ ಒಳಗಿನ ಬರ್ ರೀಮರ್ ಹಾಕಿ ತೆಗೆಯಬೇಕು. ಕಟ್ಟರ್ ಒಳಕ್ಕೆ ಮಡಚಿದ ಆ ಅಂಚು ಒಂದು ಮಿ.ಮೀ. ಇದ್ದರೂ ಆ ಜಾಗದಲ್ಲಿ ಪೈಪ್ ಎರಡು ಮಿ.ಮೀ. ಸಣ್ಣ ಆದ ಹಾಗೆಯೇ. ಐದನೇ ಘಾತ ನೆನಪಿದೆಯಲ್ಲ.

ಜಾಯಿಂಟಿಗೆ ಗ್ಯಾಸಿನ ದಪ್ಪ ಟೆಫ್ಲಾನ್ ಟೇಪ್, ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಬೇಕು, ಮೊದಲ ಎಳೆ ಬಿಟ್ಟು. ನೀರಿನ ಕೆಲಸದವರು ಸಣಬಿಗೆ ಪೇಂಟ್ ಬಳಿದು ಸುತ್ತುತ್ತಾರೆ, ಅದು ಇಲ್ಲಿ ಬೇಡ. ಲೈನ್ ಗ್ಯಾಸ್ ಒಣ ಗ್ಯಾಸ್, ನಾರು ಒಣಗಿ ಸೊರಗುತ್ತದೆ. ಬ್ರಿಟನ್ನಿನಲ್ಲಿ 1967ರಿಂದ 1977ರ ತನಕ ಕಲ್ಲಿದ್ದಲಿನ ಗ್ಯಾಸ್ ಬಿಟ್ಟು ನೈಸರ್ಗಿಕ ಗ್ಯಾಸಿಗೆ ಇಡೀ ದೇಶವನ್ನು ಬದಲಾಯಿಸಿದಾಗ, ಹಳೆ ಮೇನ್ ಪೈಪುಗಳ ನಾರಿನ ಜಾಯಿಂಟುಗಳು ಹೀಗೇ ಒಣಗಿ ಸೋರಿದವು. ಅಲ್ಲಿ ಪಟ್ಟ ಪಾಡು ನಮಗೆ ಬೇಡ.

ಇನ್ನು ಮೀಟರಿನ ಜೋಡಣೆ. ಇದರಲ್ಲಿ ನನ್ನ ನಿಯಮ ಒಂದೇ: ಮೀಟರಿನ ಈಚೆಗೆ ನಾನು, ಮೀಟರ್ ಮತ್ತು ಅದರ ಆಚೆಗೆ ಕಂಪನಿಯವರು. ಸೀಲ್ ಇರುವ ಯಾವುದನ್ನೂ ಮುಟ್ಟುವುದಿಲ್ಲ. ಹೊಸ ಪೈಪನ್ನು ಮೀಟರಿನ ಬಾಯಿಗೆ ನೇರ ಬರುವ ಹಾಗೆ ತಂದು ನಿಲ್ಲಿಸಿ, ಫೋನ್ ಮಾಡಿ ಕರೆಸಿದೆ. ಬಂದವನು ಕುಂಬಳೆ ಕಡೆಯ ಹುಡುಗ, ಕೆಲಸ ಬಲ್ಲವನು. ಯೂನಿಯನ್ ನಟ್ (ಪೈಪನ್ನು ಮೀಟರಿಗೆ ಸೇರಿಸುವ ನಟ್) ಬಿಚ್ಚಿದ ಕೂಡಲೇ ಹಳೆ ವಾಷರ್ ತೆಗೆದು ಬಿಸಾಡಿದ, ಹೊಸದು ಹಾಕಿದ. ಮೀಟರಿನ ಯೂನಿಯನ್ ಸೀಲ್ ಆಗುವುದು ಆ ಚಪ್ಪಟೆ ವಾಷರಿನಿಂದ, ಥ್ರೆಡ್ಡಿನಿಂದ ಅಲ್ಲ. ಅಲ್ಲಿಗೆ ಟೆಫ್ಲಾನ್ ಸುತ್ತಿದರೆ ನಟ್ ಬಿಗಿ ಆದ ಹಾಗೆ ಅನ್ನಿಸುತ್ತದೆ, ವಾಷರ್ ಮಾತ್ರ ಒತ್ತಿಕೊಂಡಿರುವುದಿಲ್ಲ. ಇನ್ನೊಂದು, ಪೈಪಿನ ಭಾರ ಮೀಟರಿನ ಮೇಲೆ ಬೀಳಬಾರದು. ಮೀಟರಿನ ಡಬ್ಬ ತೆಳ್ಳಗಿನ ತಗಡು. ನಟ್ ಬಿಚ್ಚಿದಾಗ ಪೈಪ್ ಕದಲದೆ ಅಲ್ಲೇ ನಿಂತರೆ ಕ್ಲಾಂಪ್ ಸರಿ ಇದೆ ಅಂತ ಅರ್ಥ. ನಿಂತಿತು. ಅವನೂ ಒಮ್ಮೆ ಅಲ್ಲಾಡಿಸಿ ನೋಡಿ ತಲೆ ಆಡಿಸಿದ.

ಗ್ಯಾಸ್ ಬಿಡುವ ಮೊದಲು ಗಾಳಿಯಲ್ಲಿ ಪರೀಕ್ಷೆ ಮುಗಿದಿತ್ತು. ಎಲ್ಲ ತುದಿಗೂ ಪ್ಲಗ್ ಹಾಕಿ, ಕೈಪಂಪಿನಲ್ಲಿ ಯು ಟ್ಯೂಬ್ 400 ಮಿ.ಮೀ. ದಾಟುವ ತನಕ ಗಾಳಿ ತುಂಬಿಸಿ ಬಿಟ್ಟೆ. ಮೊದಲ ಕೆಲವು ನಿಮಿಷ ನೀರು ಸ್ವಲ್ಪ ಇಳಿಯಿತು. ಬಿಸಿಲು ಹೋಗಿ ಮೋಡ ಬಂದಿತ್ತು, ಪೈಪ್ ತಣಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಅದಕ್ಕೇ ಉಷ್ಣ ಒಂದು ಹದಕ್ಕೆ ಬರಲಿ ಅಂತ ಕಾಯಬೇಕು, ಆಮೇಲೆ ಗುರುತು ಹಾಕಬೇಕು. ಗುರುತು ಹಾಕಿದ ಮೇಲೆ ಕೂದಲಷ್ಟೂ ಕದಲಲಿಲ್ಲ. ಆದರೂ ಸೋಪಿನ ನೊರೆ ಪ್ರತಿ ಜಾಯಿಂಟಿಗೂ ಹಚ್ಚಿದೆ, ಹುಡುಗರಿಗೆ ಅಭ್ಯಾಸ ತಪ್ಪಬಾರದು. ಗ್ಯಾಸ್ ಬಿಟ್ಟ ಮೇಲೆ ಒಳಗಿನ ಗಾಳಿ ಹೋಗುವ ತನಕ ಕಿಟಕಿಗಳೆಲ್ಲ ತೆರೆದು, ದೀಪದ ಬತ್ತಿಯನ್ನೂ ಆರಿಸಿ, ಸ್ವಿಚ್ ಮುಟ್ಟದೆ ಒಂದು ಬರ್ನರಿನಿಂದ ಹೊರಗೆ ಬಿಟ್ಟೆವು.

ಎಲ್ಲ ಉರಿಸಿ ಮತ್ತೆ ಅಳೆದಾಗ ಮೀಟರಿನ ಹತ್ತಿರ 208, ಗೀಸರಿನ ಹತ್ತಿರ 203. ಅರ್ಧ ಮಿಲಿಬಾರ್. 6 ನಿಮಿಷಕ್ಕೆ 0.178 ಹೋಯಿತು. ಭಾವ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ "ಈಗ ಹೇಗುಂಟು?" ಅಂತ ಕೂಗಿದರು, ಅಕ್ಕ ಕಾವಲಿಯ ಕೆಳಗೆ ಬಗ್ಗಿ ನೋಡಿ "ಎಂತದೂ ಆಗ್ಲಿಲ್ಲ" ಅಂದಳು.

ಒಲೆಯ ಜೆಟ್ ಬಿಚ್ಚಿ ನೋಡಿದೆ, ಲೈನ್ ಗ್ಯಾಸಿನದ್ದೇ ಇತ್ತು. ಸಿಲಿಂಡರಿನ ಜೆಟ್ಟಿಗಿಂತ ಇದರ ತೂತಿನ ವ್ಯಾಸ ಒಂದೂವರೆ ಪಟ್ಟು ಹತ್ತಿರ ಇರುತ್ತದೆ, ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ಗೀಸರ್ ಬಚ್ಚಲಿನ ಹೊರಗೆ, ಹಿಂದಿನ ಜಗಲಿಯ ಗೋಡೆಯಲ್ಲಿದೆ. ಒಳಗೆ ಇದ್ದಿದ್ದರೆ ನಾನು ಜೋಡಿಸಿಯೇ ಕೊಡುತ್ತಿರಲಿಲ್ಲ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಅದಕ್ಕೆ ವಾಸನೆ ಇಲ್ಲ, ಜನ ಮೀಯುವಲ್ಲೇ ಬಿದ್ದು ಸತ್ತಿದ್ದಾರೆ. ಇದರಲ್ಲಿ ದಾಕ್ಷಿಣ್ಯ ಬೇಡ.

ಅಡುಗೆಮನೆಯಲ್ಲಿ ಸಿಲಿಂಡರಿನ ಕಾಲಕ್ಕೆ ನೆಲದ ಹತ್ತಿರ ಗಾಳಿಗಂಡಿ ಇಟ್ಟಿದ್ದರು, ಆ ಗ್ಯಾಸ್ ಭಾರ, ಕೆಳಗೆ ಕೂರುತ್ತದೆ. ಲೈನ್ ಗ್ಯಾಸ್ ಮೇಲಕ್ಕೆ ಹೋಗುತ್ತದೆ. ಮೇಲಿನ ವೆಂಟಿಲೇಟರಿಗೆ ಸೊಳ್ಳೆ ಬಾರದ ಹಾಗೆ ಪ್ಲಾಸ್ಟಿಕ್ ಹೊಡೆದಿದ್ದರು, ಅದನ್ನು ಕಿತ್ತು ಜಾಲರಿ ಹಾಕಿಸಿದೆ.

ಹಳೆ ತಾಮ್ರವನ್ನು ಗೋಡೆಯಿಂದ ತೆಗೆಯುವ ಸಾಹಸ ಮಾಡಲಿಲ್ಲ. ಗಾಳಿ ಊದಿ ಖಾಲಿ ಮಾಡಿ ಎಲ್ಲ ತುದಿಗೂ ಕ್ಯಾಪ್ ಹಾಕಿ, ಬಳಕೆಯಲ್ಲಿಲ್ಲ ಅಂತ ಚೀಟಿ ಕಟ್ಟಿದೆ. ಹೊಸ ಪೈಪಿಗೆ ಪ್ರೈಮರ್ ಮೇಲೆ ಹಳದಿ ಪೇಂಟ್, ಥ್ರೆಡ್ ಕಾಣುವಲ್ಲಿ ಎರಡು ಕೈ ಜಾಸ್ತಿ. ಥ್ರೆಡ್ ಹಾಕುವಾಗ ಸತುವಿನ ಲೇಪ ಹೋಗಿರುತ್ತದೆ, ನಮ್ಮ ಕಡಲ ಗಾಳಿಗೆ ತುಕ್ಕು ಅಲ್ಲಿಂದಲೇ ಶುರು. ಕ್ಲಾಂಪಿನ ಹಿಂದೆ, ಬ್ರಶ್ ಹೋಗದ ಜಾಗಕ್ಕೆ, ಕ್ಲಾಂಪ್ ಬಿಗಿ ಮಾಡುವ ಮೊದಲೇ ಬಳಿದಿದ್ದೆ. ಮಳೆಗಾಲ ಮುಗಿದ ಮೇಲೆ ಆ ಜಾಗಗಳನ್ನು ಒಮ್ಮೆ ನೋಡು ಅಂತ ಅಕ್ಕನ ಮಗನಿಗೆ ತೋರಿಸಿಕೊಟ್ಟು ಬಂದಿದ್ದೇನೆ.